ಒಂದೇ ಮನೆಯ ಇಬ್ಬರು ಮಕ್ಕಳು



ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಹಳ್ಳಿಯ ಮಕ್ಕಳಿಗೆ ಚರಿತ್ರೆಯ ಪಾಠ ಹೇಳಿದವನು ನಾನು. ರಾಜರ ಚರಿತ್ರೆ, ಯುದ್ಧಗಳ ಚರಿತ್ರೆ, ಗುಡಿ ಗೋಪುರಗಳ ಚರಿತ್ರೆ ಇವನ್ನೆಲ್ಲ ಈ ಪುಟದಲ್ಲಿ ಆಗಾಗ ಬರೆದಿದ್ದೇನೆ. ಇಂದು ಒಂದು ಕಾಯಿಲೆಯ ಚರಿತ್ರೆಯನ್ನು ಬರೆಯಲು ಕುಳಿತಿದ್ದೇನೆ. ಇದನ್ನು ಬರೆಯಲೇಬೇಕೆಂದು ಬಹುದಿನಗಳಿಂದ ಮನಸ್ಸು ಒತ್ತಾಯಿಸುತ್ತಿತ್ತು. ಕಾರಣವೇನೆಂದರೆ ಈ ಚರಿತ್ರೆಯಲ್ಲಿ ನನ್ನದೂ ಒಂದು ತಪ್ಪು ಸೇರಿಕೊಂಡಿದೆ.

1987ನೆಯ ಇಸವಿಯ ಮಳೆಗಾಲ. ಮಾದಿಹಳ್ಳಿಯ ಆಸುಪಾಸಿನ ಒಂದು ಪ್ರೌಢಶಾಲೆಯಲ್ಲಿ ನಾನಾಗ ಕಿರಿಯ ಶಿಕ್ಷಕ. ಎಂಟನೆಯ ತರಗತಿಯಲ್ಲಿ ಹದಿಮೂರು ವರ್ಷದ ಹುಡುಗನೊಬ್ಬನಿದ್ದ. ಓದಿನಲ್ಲಿ ಚುರುಕು, ಮಾತು ಕಡಿಮೆ. ಕೆಲವು ವಾರಗಳಿಂದ ಸೊರಗುತ್ತಾ ಬಂದಿದ್ದ. ಪ್ರತಿ ಅವಧಿಯಲ್ಲಿಯೂ ಎದ್ದು ನಿಂತು, "ಸಾರ್, ಒಂದಕ್ಕೆ ಹೋಗಿ ಬರ್ತೀನಿ" ಎನ್ನುವುದು, ಬಂದವನೇ ಹೂಜಿಯ ನೀರನ್ನು ಗಟಗಟನೆ ಕುಡಿಯುವುದು. ಪಾಠ ತಪ್ಪಿಸಿಕೊಳ್ಳುವ ಉಪಾಯವೆಂದೇ ನಾನು ತಿಳಿದೆ. ಒಂದು ದಿನ ಹೊಯ್ಸಳರ ಪಾಠ ನಡೆಯುತ್ತಿದ್ದಾಗ ಮೂರನೆಯ ಸಲ ಎದ್ದವನನ್ನು ಗದರಿಸಿ ಬೆಂಚಿನ ಮೇಲೆ ನಿಲ್ಲಿಸಿದೆ. ಅವನು ತಲೆ ತಗ್ಗಿಸಿ ನಿಂತ. ವಾರ ಕಳೆಯುವುದರೊಳಗೆ ಪ್ರಜ್ಞೆತಪ್ಪಿದ ಅವನನ್ನು ಬಾಡಿಗೆ ವ್ಯಾನಿನಲ್ಲಿ ಹಾಸನಕ್ಕೆ ಕರೆದೊಯ್ದರೆಂಬ ಸುದ್ದಿ ಬಂತು. ಹುಡುಗನಿಗೆ ಸಕ್ಕರೆ ಕಾಯಿಲೆಯಂತೆ! ಮುದುಕರಿಗೆ, ಸ್ಥೂಲಕಾಯರಿಗೆ ಬರುವ ಕಾಯಿಲೆ ಈ ಕಡ್ಡಿಯಂಥ ಹುಡುಗನಿಗೆ ಹೇಗೆ ಬಂತೆಂದು ಊರಿಗೆ ಊರೇ ಬೆರಗಾಯಿತು.

ಹುಡುಗ ಬದುಕಿದ. ದಿನಕ್ಕೆರಡು ಬಾರಿ ಇನ್ಸುಲಿನ್ ಚುಚ್ಚಿಕೊಳ್ಳುವುದು ಅವನ ಬಾಳಿನ ಅಂಗವಾಯಿತು. ಅಂದು ಗಾಜಿನ ಸಿರಿಂಜನ್ನು ನೀರಿನಲ್ಲಿ ಕುದಿಸಿ ಬಳಸಬೇಕಿತ್ತು. ಮನೆಯಲ್ಲಿ ಫ್ರಿಜ್ ಇರಲಿಲ್ಲ. ತಾಯಿ ಇನ್ಸುಲಿನ್ ಸೀಸೆಯನ್ನು ಒದ್ದೆ ಮರಳಿನ ಮೇಲಿಟ್ಟ ಮಣ್ಣಿನ ಮಡಕೆಯಲ್ಲಿ ಜೋಪಾನ ಮಾಡುತ್ತಿದ್ದರು. 1992ರಲ್ಲಿ ಅವನ ತಂಗಿಗೂ, ಅವಳ ಹನ್ನೊಂದನೆಯ ವಯಸ್ಸಿನಲ್ಲಿ, ಇದೇ ಕಾಯಿಲೆ ಕಾಣಿಸಿಕೊಂಡಿತು. ಮಡಕೆಯಲ್ಲಿ ಎರಡು ಸೀಸೆಗಳಾದವು.

2006ರಲ್ಲಿ ಅಣ್ಣನ ಕಾಲು, ಮುಖಗಳು ಊದಿಕೊಂಡವು. ಮೂತ್ರಪಿಂಡಗಳೆರಡೂ ಕೆಟ್ಟಿವೆಯೆಂದು ವೈದ್ಯರು ಹೇಳಿದರು. ಆಗ ಅವನಿಗೆ ಮೂವತ್ತೆರಡು ವರ್ಷ. ನೋಡಲು ಹೋದ ನನ್ನನ್ನು ಆ ತಾಯಿ ಕೇಳಿದ ಮಾತು ಇಂದಿಗೂ ಕಿವಿಯಲ್ಲಿದೆ: "ಮೇಷ್ಟ್ರೇ, ನೀವು ಓದಿದವರು. ನಾನು ಸ್ವಂತ ಸೋದರಮಾವನನ್ನೇ ಮದುವೆಯಾದೆ. ಅದಕ್ಕೇ ಹಿಂಗಾಯ್ತು ಅಂತಾರೆ ಜನ. ವಂಶಕ್ಕೆ ಶಾಪ ಅಂತಾರೆ. ನನ್ನ ಮಗಳಿಗೂ ಇದೇ ಗತಿಯಾ?"

ನನ್ನ ಬಳಿ ಉತ್ತರವಿರಲಿಲ್ಲ. ನಿವೃತ್ತಿಯ ನಂತರ ಬಿಡುವು ಸಿಕ್ಕಾಗ ಆ ಉತ್ತರವನ್ನು ಹುಡುಕಿ ಓದಿದೆ. ತಿಳಿದವರನ್ನು ಕೇಳಿದೆ. ತಿಳಿದುಕೊಂಡಷ್ಟನ್ನು ಇಲ್ಲಿ ನಿವೇದಿಸುತ್ತಿದ್ದೇನೆ.

ನಮ್ಮ ಪೂರ್ವಿಕರು ಈ ಪ್ರಶ್ನೆಯನ್ನು ಬಹಳ ಹಿಂದೆಯೇ ಕೇಳಿಕೊಂಡಿದ್ದರು. ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಪ್ರಮೇಹವನ್ನು ಎರಡು ಬಗೆಯಾಗಿ ವಿಂಗಡಿಸಲಾಗಿದೆ. ಒಂದು ಸಹಜ, ಅಂದರೆ ಹುಟ್ಟಿನೊಂದಿಗೆ ಬಂದದ್ದು. ಇನ್ನೊಂದು ಅಪಥ್ಯದಿಂದ, ಅಂದರೆ ಆಹಾರ ವಿಹಾರಗಳ ದೋಷದಿಂದ ಬಂದದ್ದು. ಮೊದಲನೆಯ ಬಗೆಯ ರೋಗಿ ಕೃಶನಾಗಿರುತ್ತಾನೆ, ಬಾಯಾರಿಕೆಯಿಂದ ಬಳಲುತ್ತಾನೆ. ಎರಡನೆಯವನು ಸ್ಥೂಲಕಾಯನೆಂದು ಅಲ್ಲಿ ಹೇಳಿದೆ. ಸಹಜ ಪ್ರಮೇಹಕ್ಕೆ ತಂದೆತಾಯಿಯರ ಬೀಜದೋಷವೇ ಕಾರಣವೆಂಬುದು ಅವರ ಅಭಿಪ್ರಾಯ. ಚರಕ ಸಂಹಿತೆ ಅಂಥದ್ದನ್ನು ಅಸಾಧ್ಯವೆಂದು, ಅಂದರೆ ವಾಸಿಯಾಗದ್ದೆಂದು ಕೈಬಿಟ್ಟಿದೆ. ಪ್ರಾಚೀನರ ವಿಂಗಡಣೆ ಇಂದಿನ ವಿಂಗಡಣೆಗೆ ಸಂಪೂರ್ಣವಾಗಿ ಹೊಂದುತ್ತದೆ ಎನ್ನಲಾಗದು. ಆದರೂ ಬಡಕಲು ರೋಗಿಯನ್ನೂ ಸ್ಥೂಲ ರೋಗಿಯನ್ನೂ ಬೇರೆಬೇರೆಯಾಗಿ ಕಂಡ ಅವರ ದೃಷ್ಟಿ ಸೂಕ್ಷ್ಮವಾದದ್ದು. ಆಧುನಿಕ ವೈದ್ಯದಲ್ಲಿ ಇಂಗ್ಲೆಂಡಿನ ಹೆರಾಲ್ಡ್ ಹಿಮ್ಸ್‌ವರ್ತ್ ಇಂಥದೇ ಭೇದವನ್ನು ಪ್ರಯೋಗಗಳಿಂದ ತೋರಿಸಿದ್ದು 1936ರಲ್ಲಿ. ಮೊದಲನೆಯ ಬಗೆಯನ್ನು ನಾವಿಂದು ಟೈಪ್ ಒನ್ ಮಧುಮೇಹವೆನ್ನುತ್ತೇವೆ. ದೇಹದ ರಕ್ಷಣಾ ವ್ಯವಸ್ಥೆಯೇ ದಾರಿತಪ್ಪಿ, ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕಣಗಳನ್ನು ನಾಶಮಾಡುವುದರಿಂದ ಇದು ಬರುತ್ತದೆ. ಸಿಹಿ ತಿಂದದ್ದರಿಂದ ಬರುವುದಲ್ಲ.

1921ಕ್ಕೆ ಮೊದಲು ಇಂಥ ಮಕ್ಕಳ ಮೂತ್ರಪಿಂಡದ ಮಾತನ್ನು ಯಾರೂ ಆಡುವಂತಿರಲಿಲ್ಲ. ಕಾಯಿಲೆ ಕಂಡ ಒಂದೆರಡು ವರ್ಷಗಳಲ್ಲಿಯೇ ಅವರು ತೀರಿಹೋಗುತ್ತಿದ್ದರು. ಆ ವರ್ಷ ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದಲ್ಲಿ, ಮ್ಯಾಕ್ಲಿಯಾಡರ ಪ್ರಯೋಗಾಲಯದಲ್ಲಿ, ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ನನ್ನು ಕಂಡುಹಿಡಿದರು. ಕಾಲಿಪ್ ಅದನ್ನು ಶುದ್ಧಗೊಳಿಸಿದರು. 1922ರ ಜನವರಿ 11ರಂದು ಹದಿನಾಲ್ಕು ವರ್ಷದ ಲಿಯೊನಾರ್ಡ್ ಥಾಂಪ್ಸನ್ ಎಂಬ ಬಾಲಕನಿಗೆ ಮೊದಲ ಚುಚ್ಚುಮದ್ದು ಕೊಡಲಾಯಿತು. ಶುದ್ಧಗೊಳಿಸಿದ ಔಷಧವನ್ನು ಜನವರಿ 23ರಿಂದ ಕೊಟ್ಟಾಗ ಬಾಲಕ ಚೇತರಿಸಿಕೊಂಡ. ಜಗತ್ತು ಹರ್ಷಿಸಿತು, 1923ರಲ್ಲಿ ನೊಬೆಲ್ ಪ್ರಶಸ್ತಿಯೂ ಬಂತು. ಆದರೆ ಸಾವಿನಿಂದ ಪಾರಾದ ಈ ಮಕ್ಕಳು ಹದಿನೈದು ಇಪ್ಪತ್ತು ವರ್ಷ ಬಾಳಿದಾಗ, ಅದುವರೆಗೆ ಕಾಣದಿದ್ದ ಮತ್ತೊಂದು ಶತ್ರು ಎದುರಾಯಿತು.

ಮೂತ್ರಪಿಂಡವನ್ನು ಒಂದು ಅತಿ ಸೂಕ್ಷ್ಮವಾದ ಜರಡಿಯೆಂದು ಭಾವಿಸಿರಿ. ಪ್ರತಿಯೊಂದರಲ್ಲಿಯೂ ಸುಮಾರು ಹತ್ತು ಲಕ್ಷ ನೆಫ್ರಾನುಗಳಿವೆ. ಪ್ರತಿ ನೆಫ್ರಾನಿನ ತುದಿಯಲ್ಲಿ ರಕ್ತವನ್ನು ಸೋಸುವ ಕೂದಲೆಳೆಗಿಂತ ತೆಳುವಾದ ರಕ್ತನಾಳಗಳ ಒಂದು ಉಂಡೆಯಿದೆ. ಕಸ ಹೊರಗೆ ಹೋಗಬೇಕು, ಆಲ್ಬುಮಿನ್‌ನಂಥ ಪ್ರೋಟೀನು ಒಳಗೇ ಉಳಿಯಬೇಕು. ವರ್ಷಾನುಗಟ್ಟಲೆ ಸಕ್ಕರೆ ಮಿತಿಮೀರಿದ ರಕ್ತ ಹರಿದರೆ ಈ ಜರಡಿಯ ಪೊರೆ ದಪ್ಪವಾಗುತ್ತದೆ, ಕಣ್ಣುಗಳು ಕೆಡುತ್ತವೆ, ಪ್ರೋಟೀನು ಸೋರತೊಡಗುತ್ತದೆ. 1936ರಲ್ಲಿಯೇ ಪಾಲ್ ಕಿಮ್ಮೆಲ್‌ಸ್ಟೀಲ್ ಮತ್ತು ಕ್ಲಿಫರ್ಡ್ ವಿಲ್ಸನ್ ಎಂಬ ಇಬ್ಬರು ಮೃತ ಮಧುಮೇಹಿಗಳ ಮೂತ್ರಪಿಂಡದಲ್ಲಿ ವಿಶಿಷ್ಟವಾದ ಗಂಟುಗಳನ್ನು ಸೂಕ್ಷ್ಮದರ್ಶಕದಲ್ಲಿ ಕಂಡು ವರದಿ ಮಾಡಿದರು. ಆ ಗಂಟುಗಳಿಗೆ ಇಂದಿಗೂ ಅವರ ಹೆಸರೇ ಇದೆ.

ಸಕ್ಕರೆಯೇ ಕಾರಣವಾದರೆ ಎಲ್ಲರಿಗೂ ಹೀಗಾಗಬೇಕಲ್ಲವೇ? ಇಲ್ಲಿಂದಲೇ ನಿಜವಾದ ಒಗಟು ಆರಂಭವಾಗುತ್ತದೆ. 1980ರ ದಶಕದಲ್ಲಿ ಡೆನ್ಮಾರ್ಕಿನ ವೈದ್ಯರು ಮತ್ತು ಅಮೆರಿಕದ ಬಾಸ್ಟನ್ ನಗರದ ಜಾಸ್ಲಿನ್ ಚಿಕಿತ್ಸಾಲಯದವರು ನೂರಾರು ರೋಗಿಗಳ ಹಲವು ದಶಕಗಳ ದಾಖಲೆಗಳನ್ನು ಪರಿಶೀಲಿಸಿದರು. ಕಾಯಿಲೆ ಬಂದು ಹದಿನೈದು ವರ್ಷ ಕಳೆಯುವ ಹೊತ್ತಿಗೆ ಮೂತ್ರಪಿಂಡದ ತೊಂದರೆ ತುಂಬ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ಅನಂತರ ಹೊಸದಾಗಿ ತೊಂದರೆಗೀಡಾಗುವವರ ಸಂಖ್ಯೆ ಇಳಿಯುತ್ತದೆ. ನೂರಕ್ಕೆ ಮೂವತ್ತು ನಲವತ್ತು ಮಂದಿ ಬಲಿಯಾದರೆ, ಉಳಿದವರು ಎಷ್ಟು ವರ್ಷ ಬದುಕಿದರೂ ಪಾರಾಗುತ್ತಾರೆ. ಸಕ್ಕರೆಯೊಂದೇ ಕಾರಣವಾಗಿದ್ದರೆ ವರ್ಷಗಳು ಕಳೆದಂತೆ ತೊಂದರೆ ಏರುತ್ತಲೇ ಹೋಗಬೇಕಿತ್ತು. ಆದ್ದರಿಂದ ಕೆಲವರಲ್ಲಿ ಮಾತ್ರ ಏನೋ ಒಂದು ಒಲವು ಹುಟ್ಟಿನಿಂದಲೇ ಅಡಗಿದೆಯೆಂದು ಅವರು ಊಹಿಸಿದರು.

ಊಹೆಗೆ ಬಲ ಬಂದದ್ದು 1989ರಲ್ಲಿ. ಅಮೆರಿಕದ ಮಿನೆಸೊಟದಲ್ಲಿ ಎಲಿಜಬೆತ್ ಸೀಕ್ವಿಸ್ಟ್ ಮತ್ತು ಸಂಗಡಿಗರು, ಒಂದೇ ಮನೆಯಲ್ಲಿ ಇಬ್ಬರು ಅಥವಾ ಹೆಚ್ಚು ಮಕ್ಕಳಿಗೆ ಟೈಪ್ ಒನ್ ಮಧುಮೇಹವಿದ್ದ ಕುಟುಂಬಗಳನ್ನು ಹುಡುಕಿ ಪರೀಕ್ಷಿಸಿದರು. ಒಬ್ಬರಿಗೆ ಮೂತ್ರಪಿಂಡ ಕೆಟ್ಟು ಕಸಿ ಮಾಡಿಸಿಕೊಳ್ಳಬೇಕಾಗಿ ಬಂದಿದ್ದ ಮನೆಗಳಲ್ಲಿ, ಮಧುಮೇಹವಿದ್ದ 29 ಒಡಹುಟ್ಟಿದವರ ಪೈಕಿ 24 ಮಂದಿಗೆ, ಅಂದರೆ ನೂರಕ್ಕೆ 83ರಷ್ಟು ಜನರಿಗೆ, ಮೂತ್ರಪಿಂಡದ ತೊಂದರೆಯ ಗುರುತುಗಳಿದ್ದವು. ಮೊದಲನೆಯವರ ಮೂತ್ರಪಿಂಡ ಚೆನ್ನಾಗಿದ್ದ ಮನೆಗಳಲ್ಲಾದರೋ 12 ಮಂದಿಯಲ್ಲಿ ಇಬ್ಬರಿಗೆ ಮಾತ್ರ. ಪರೀಕ್ಷಿಸಿದ ಕುಟುಂಬಗಳು ಕೆಲವೇ ಆದರೂ ವ್ಯತ್ಯಾಸ ಕಣ್ಣಿಗೆ ಹೊಡೆಯುವಂತಿತ್ತು. ಹೆತ್ತವರಲ್ಲಿ ಅಧಿಕ ರಕ್ತದೊತ್ತಡವಿದ್ದರೆ ಮಧುಮೇಹಿ ಮಕ್ಕಳ ಮೂತ್ರಪಿಂಡಕ್ಕೆ ಅಪಾಯ ಹೆಚ್ಚೆಂಬುದೂ ಅದೇ ಕಾಲದ ಇತರ ಅಧ್ಯಯನಗಳಿಂದ ತಿಳಿಯಿತು.

ಆ ಲೆಕ್ಕ ಪ್ರಕಟವಾದದ್ದು 1989ರಲ್ಲಿ. ನಮ್ಮ ಹಳ್ಳಿಯ ಆ ತಾಯಿ ನನ್ನನ್ನು ಪ್ರಶ್ನಿಸಿದ್ದು 2006ರಲ್ಲಿ. ಜಗತ್ತಿಗೆ ತಿಳಿದದ್ದು ನಮ್ಮ ಅಂಗಳಕ್ಕೆ ಬರಲು ಹದಿನೇಳು ವರ್ಷ ಸಾಲಲಿಲ್ಲ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಮಧುಮೇಹ ಬರುವುದಕ್ಕೆ ಕಾರಣವಾಗುವ ವಂಶವಾಹಿಗಳು ಬೇರೆ, ಬಂದ ಮೇಲೆ ಮೂತ್ರಪಿಂಡ ಕೆಡುವುದಕ್ಕೆ ಕಾರಣವಾಗುವವು ಬಹುಮಟ್ಟಿಗೆ ಬೇರೆ. ಮೊದಲನೆಯದರಲ್ಲಿ, ರಕ್ಷಣಾ ವ್ಯವಸ್ಥೆಯನ್ನು ನಿರ್ದೇಶಿಸುವ ಎಚ್‌ಎಲ್‌ಎ ಎಂಬ ವಂಶವಾಹಿಗಳ ಪಾತ್ರ ದೊಡ್ಡದೆಂದು 1970ರ ದಶಕದಲ್ಲಿ ತಿಳಿಯಿತು. ಆದರೆ ಅಲ್ಲಿಯೂ ವಂಶವೇ ಸರ್ವಸ್ವವಲ್ಲ. ಈ ವಿಷಯದಲ್ಲಿ ಕನ್ನಡಿಗರು ನೆನೆಯಬೇಕಾದ ಹೆಸರೊಂದಿದೆ. ಮುಂದೆ ಬೆಂಗಳೂರಿನಲ್ಲಿ ಸಮತ್ವಂ ಸಂಸ್ಥೆಯ ಮೂಲಕ ಪರಿಚಿತರಾದ ಡಾ. ಎಸ್. ಶ್ರೀಕಾಂತ ಅವರು 1983ರಲ್ಲಿ ಜಾಸ್ಲಿನ್ ಸಂಸ್ಥೆಯ ಐಸೆನ್‌ಬಾರ್ತ್, ಸೋಲ್ಡ್‌ನರ್ ಮೊದಲಾದವರೊಂದಿಗೆ, ತದ್ರೂಪಿ ಅವಳಿ ಮತ್ತು ತ್ರಿವಳಿಗಳ ಬಗ್ಗೆ ಒಂದು ಪ್ರಸಿದ್ಧ ಪ್ರಬಂಧವನ್ನು ಪ್ರಕಟಿಸಿದರು. ಒಬ್ಬರಿಗೆ ಮಧುಮೇಹವಿದ್ದು ಇನ್ನೊಬ್ಬರಿಗೆ ಆರಂಭದಲ್ಲಿ ಇಲ್ಲದಿದ್ದ ಜೋಡಿಗಳನ್ನು ಅವರು ವರ್ಷಗಟ್ಟಲೆ ಗಮನಿಸಿದರು. ಕಾಯಿಲೆ ಹಠಾತ್ತನೆ ಎರಗುವುದಿಲ್ಲ. ಅದಕ್ಕೆ ವರ್ಷಗಳ ಮೊದಲೇ ರಕ್ತದಲ್ಲಿ ಅದರ ಗುರುತು ಕಾಣುತ್ತದೆ, ಇನ್ಸುಲಿನ್ ಸ್ರಾವ ಮೆಲ್ಲಮೆಲ್ಲನೆ ಕುಗ್ಗುತ್ತದೆ ಎಂಬುದು ಅದರಿಂದ ತಿಳಿದುಬಂತು. ಒಂದೇ ಬೀಜದಿಂದ ಹುಟ್ಟಿದ ಅವಳಿಗಳಲ್ಲಿಯೂ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೆ ಬರಲೇಬೇಕೆಂದಿಲ್ಲ. ಸಾಮಾನ್ಯ ಒಡಹುಟ್ಟಿದವರಲ್ಲಿ ಬರುವ ಸಂಭವ ಪಾಶ್ಚಾತ್ಯ ದೇಶಗಳ ಲೆಕ್ಕದಂತೆ ನೂರಕ್ಕೆ ಐದಾರು ಮಾತ್ರ.

ನಮ್ಮ ಹಳೇಬೀಡಿನ ಅರಸರ ಶಾಸನಗಳು ವಂಶಾವಳಿಯಿಂದಲೇ ಆರಂಭವಾಗುತ್ತವೆ. ಎರೆಯಂಗನಿಗೆ ಮೂವರು ಮಕ್ಕಳು: ಬಲ್ಲಾಳ, ವಿಷ್ಣು, ಉದಯಾದಿತ್ಯ. ಹಿರಿಯ ಬಲ್ಲಾಳ ಕೆಲವೇ ವರ್ಷ ಆಳಿ ಮರೆಯಾದ. ವಿಷ್ಣುವರ್ಧನ ಹೊಯ್ಸಳರ ಕೀರ್ತಿಯನ್ನು ದಿಕ್ಕುದಿಕ್ಕಿಗೆ ಹರಡಿದ. ವಂಶ ಒಂದೇ, ಬಾಳು ಬೇರೆ. ಮಕ್ಕಳಿಗೆ ಈ ಪಾಠವನ್ನು ಎಷ್ಟೋ ಸಲ ಹೇಳಿದ್ದೆ. ಆ ತಾಯಿಯ ಮುಂದೆ ಅದೇಕೋ ನನಗೆ ಹೊಳೆಯಲಿಲ್ಲ.

ಮೂತ್ರಪಿಂಡವನ್ನು ಕೆಡಿಸುವ ವಂಶವಾಹಿ ಯಾವುದು? ಮೊದಮೊದಲು ವಿಜ್ಞಾನಿಗಳು ಸಂಶಯಾಸ್ಪದವಾದ ಒಂದೊಂದನ್ನೇ ಹಿಡಿದು ವಿಚಾರಿಸಿದರು. ರಕ್ತದೊತ್ತಡಕ್ಕೆ ಸಂಬಂಧಿಸಿದ ಎಸಿಇ ಎಂಬ ವಂಶವಾಹಿಯ ಮೇಲೆ 1990ರ ದಶಕದಲ್ಲಿ ಬಹಳ ಚರ್ಚೆ ನಡೆಯಿತು. ಒಬ್ಬರು ಹೌದೆಂದರೆ ಇನ್ನೊಬ್ಬರು ಅಲ್ಲವೆಂದರು. ಕೆಲವು ನೂರು ಜನರ ರಕ್ತದಿಂದ ಇದು ಇತ್ಯರ್ಥವಾಗದೆಂದು ಕ್ರಮೇಣ ಅರಿವಾಯಿತು. ಮಕ್ಕಳಲ್ಲಿ ಈ ಮಧುಮೇಹ ಜಗತ್ತಿನಲ್ಲಿಯೇ ಅತಿ ಹೆಚ್ಚಾಗಿರುವ ದೇಶ ಫಿನ್‌ಲೆಂಡ್. ಅಲ್ಲಿ ಪೆರ್-ಹೆನ್ರಿಕ್ ಗ್ರೂಪ್ ಅವರ ನೇತೃತ್ವದಲ್ಲಿ 1997ರಲ್ಲಿ ಫಿನ್‌ಡಯಾನ್ ಎಂಬ ಬೃಹತ್ ಅಧ್ಯಯನ ಆರಂಭವಾಯಿತು. ಮುಂದೆ ಹಲವು ದೇಶಗಳವರು ಕೈಜೋಡಿಸಿ, ಯುರೋಪಿಯನ್ ಮೂಲದ 19,406 ಟೈಪ್ ಒನ್ ಮಧುಮೇಹಿಗಳ ವಂಶವಾಹಿಗಳನ್ನು ತಾಳೆನೋಡಿ 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಹದಿನಾರು ಹೊಸ ತಾಣಗಳು ಬೆಳಕಿಗೆ ಬಂದವು.

ಅವುಗಳಲ್ಲಿ ಪ್ರಮುಖವಾದದ್ದು ಕೋಲ್4ಎ3 ಎಂಬ ವಂಶವಾಹಿಯಲ್ಲಿನ ಒಂದು ವ್ಯತ್ಯಾಸ. ಮೇಲೆ ಹೇಳಿದ ಜರಡಿಯ ಪೊರೆಯನ್ನು ಹೆಣೆಯುವ ಕೊಲಾಜನ್ ಎಂಬ ನಾರಿನ ಒಂದು ಎಳೆಯನ್ನು ತಯಾರಿಸುವ ಆದೇಶ ಅದರಲ್ಲಿದೆ. ಆ ಆದೇಶದಲ್ಲಿ ಒಂದೇ ಒಂದು ಅಕ್ಷರ ಬದಲಾಗಿರುವವರಿಗೆ ಮಧುಮೇಹದಿಂದ ಮೂತ್ರಪಿಂಡ ಕೆಡುವ ಸಂಭವ ಕಡಿಮೆಯೆಂದು ತಿಳಿದುಬಂತು. ವಿಚಿತ್ರ ನೋಡಿ: ಇದೇ ವಂಶವಾಹಿ ತೀವ್ರವಾಗಿ ಕೆಟ್ಟರೆ ಆಲ್ಪೋರ್ಟ್ ಎಂಬ, ಕಿವಿಯನ್ನೂ ಮೂತ್ರಪಿಂಡವನ್ನೂ ಕೆಡಿಸುವ ವಂಶಪಾರಂಪರ್ಯದ ಕಾಯಿಲೆಯ ಒಂದು ಬಗೆ ಬರುತ್ತದೆ. ಒಂದೆಡೆ ಶಾಪವಾದದ್ದೇ ಇನ್ನೊಂದೆಡೆ ಸಣ್ಣ ತಿದ್ದುಪಡಿಯಿಂದ ರಕ್ಷೆಯಾಗುತ್ತದೆ.

ಈಗ ಸೋದರಮಾವನ ಮದುವೆಯ ಮಾತು. 1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್, ವಿದೇಶದ ಎ. ಎಚ್. ಬಿಟ್ಲ್ಸ್ ಮೊದಲಾದವರು ಕರ್ನಾಟಕದ ನವಜಾತ ಶಿಶುಗಳ ಪರೀಕ್ಷೆಯ ದಾಖಲೆಗಳಿಂದ ಇದನ್ನು ಅಭ್ಯಸಿಸಿದರು. ಹೆಚ್ಚು ಕಡಿಮೆ ಮೂರರಲ್ಲಿ ಒಂದು ದಂಪತಿ ರಕ್ತಸಂಬಂಧಿಗಳಾಗಿದ್ದರು. ತಂದೆತಾಯಿ ಇಬ್ಬರಿಂದಲೂ ಒಂದೇ ದೋಷದ ಪ್ರತಿ ಬಂದರಷ್ಟೇ ತಲೆದೋರುವ ಕಾಯಿಲೆಗಳು ಇಂಥ ಮದುವೆಗಳಲ್ಲಿ ಹೆಚ್ಚುತ್ತವೆ ಎಂಬುದು ನಿಜ. ನಾನು ಹೇಳಿದ ಆಲ್ಪೋರ್ಟಿನ ಬಗೆ ಅಂಥದ್ದು. ಆದರೆ ಟೈಪ್ ಒನ್ ಮಧುಮೇಹವಾಗಲಿ ಅದರಿಂದ ಬರುವ ಮೂತ್ರಪಿಂಡದ ಕಾಯಿಲೆಯಾಗಲಿ ಹಾಗೆ ಒಂದು ವಂಶವಾಹಿಯ ಕೆಡುಕಿನಿಂದ ಬರುವಂಥವಲ್ಲ. ಹತ್ತಾರು ವಂಶವಾಹಿಗಳು, ಒಂದೊಂದೂ ಅತ್ಯಲ್ಪವಾಗಿ, ಸಕ್ಕರೆ ಮತ್ತು ರಕ್ತದೊತ್ತಡಗಳ ಜೊತೆಗೂಡಿ ಕೆಲಸಮಾಡುತ್ತವೆ. ಆದ್ದರಿಂದ ಆ ತಾಯಿಯ ಮದುವೆಯೇ ಮಕ್ಕಳನ್ನು ಕೆಡಿಸಿತೆಂದು ಬೊಟ್ಟುಮಾಡಲು ಯಾರಿಗೂ ಆಧಾರವಿಲ್ಲ.

ನಮ್ಮ ರಾಜ್ಯದ ಲೆಕ್ಕವನ್ನೂ ಹೇಳಬೇಕು. ಡಾ. ಸಿ. ಮುನಿಚೂಡಪ್ಪ, ಡಾ. ಎಸ್. ಆರ್. ಅರವಿಂದ ಮೊದಲಾದವರು 1995ರಿಂದ 2008ರವರೆಗಿನ ಕರ್ನಾಟಕ ಮಧುಮೇಹ ನೋಂದಣಿಯ ವಿವರಗಳನ್ನು ಪ್ರಕಟಿಸಿದರು. ವರ್ಷಕ್ಕೆ ಒಂದು ಲಕ್ಷ ಹುಡುಗರಲ್ಲಿ 3.7, ಹುಡುಗಿಯರಲ್ಲಿ 4.0 ಹೊಸ ಪ್ರಕರಣಗಳು ಎಂಬುದು ಅವರ ಲೆಕ್ಕ. ಫಿನ್‌ಲೆಂಡಿನ ಮಕ್ಕಳಲ್ಲಿ ಇದು ಐವತ್ತನ್ನೂ ಮೀರಿದೆ. ನಮ್ಮಲ್ಲಿ ವಿರಳ; ವಿರಳವಾದ್ದರಿಂದಲೇ ಮೇಷ್ಟ್ರುಗಳಿಗೂ ನೆರೆಹೊರೆಯವರಿಗೂ ಗುರುತು ಸಿಗುವುದಿಲ್ಲ. 2019ರ ಆ ದೊಡ್ಡ ಅಧ್ಯಯನದಲ್ಲಿ ನಮ್ಮ ಜನರ ರಕ್ತವಿರಲಿಲ್ಲ. ಅಲ್ಲಿ ಕಂಡದ್ದು ಹಾಗೆಯೇ ನಮಗೂ ಅನ್ವಯಿಸುತ್ತದೆಂದು ಹೇಳುವಂತಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನ ಕೇಂದ್ರ ಸಮನ್ವಯಗೊಳಿಸಿದ ಜೀನೋಮ್ ಇಂಡಿಯಾ ಯೋಜನೆಯಲ್ಲಿ ಸುಮಾರು ಹತ್ತು ಸಾವಿರ ಭಾರತೀಯರ ವಂಶವಾಹಿ ಮಾಹಿತಿ ಸಂಗ್ರಹವಾಗಿ, 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆದಿದೆ. ಮುಂದಿನ ಅಧ್ಯಾಯವನ್ನು ನಮ್ಮವರು ಬರೆಯುವುದಕ್ಕೆ ಇದು ಬುನಾದಿಯಾಗಬಹುದು.

ಹಾಗಾದರೆ ವಂಶದಲ್ಲಿ ಬರೆದದ್ದನ್ನು ಅಳಿಸಲಾಗದೇ? ಅಳಿಸಲಾಗದು, ಆದರೆ ಅದು ಫಲಿಸದಂತೆ ತಡೆಯಲು ಬಹುಮಟ್ಟಿಗೆ ಸಾಧ್ಯ. 1993ನೆಯ ಇಸವಿ ಈ ಚರಿತ್ರೆಯಲ್ಲಿ ಸ್ಮರಣೀಯ. ಆ ವರ್ಷ 1,441 ಟೈಪ್ ಒನ್ ಮಧುಮೇಹಿಗಳ ಮೇಲೆ ಅಮೆರಿಕ ಮತ್ತು ಕೆನಡಾಗಳಲ್ಲಿ ನಡೆದ ದೀರ್ಘ ಪ್ರಯೋಗದ ಫಲಿತಾಂಶ ಬಂತು: ಸಕ್ಕರೆಯನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟವರಲ್ಲಿ ಮೂತ್ರದಲ್ಲಿ ಆಲ್ಬುಮಿನ್ ಅಲ್ಪವಾಗಿ ಸೋರತೊಡಗುವ ಸಂಭವ ನೂರಕ್ಕೆ 39ರಷ್ಟು, ಹೆಚ್ಚಾಗಿ ಸೋರುವ ಸಂಭವ 54ರಷ್ಟು ತಗ್ಗಿತ್ತು. ಅದೇ ವರ್ಷ ಕ್ಯಾಪ್ಟೊಪ್ರಿಲ್ ಎಂಬ ರಕ್ತದೊತ್ತಡದ ಮಾತ್ರೆ, ಈಗಾಗಲೇ ಪ್ರೋಟೀನು ಸೋರುತ್ತಿದ್ದ ಟೈಪ್ ಒನ್ ಮಧುಮೇಹಿಗಳಲ್ಲಿ ಸಾವು, ಡಯಾಲಿಸಿಸ್, ಕಸಿ ಇವುಗಳ ಒಟ್ಟು ಅಪಾಯವನ್ನು ಅರ್ಧಕ್ಕಿಳಿಸಿತೆಂದು ಸಿದ್ಧವಾಯಿತು. ಈ ಮಾತ್ರೆಯ ಮೂಲ, ನಮ್ಮ ಕೊಳಕುಮಂಡಲದ ದೂರದ ಸಂಬಂಧಿಯಾದ ಬ್ರೆಜಿಲ್ ದೇಶದ ಒಂದು ಹಾವಿನ ವಿಷದ ಅಧ್ಯಯನದಲ್ಲಿದೆ. ಊತ ಬರುವುದಕ್ಕೆ ವರ್ಷಗಳ ಮುಂಚೆಯೇ ಮೂತ್ರದಲ್ಲಿ ಅತ್ಯಲ್ಪ ಆಲ್ಬುಮಿನ್ ಕಾಣುತ್ತದೆ, ಅದೇ ಮುನ್ಸೂಚನೆ ಎಂಬುದನ್ನು ಲಂಡನ್ನಿನ ವಿಬರ್ಟಿ ಮತ್ತು ಡೆನ್ಮಾರ್ಕಿನ ಮೊಗೆನ್ಸೆನ್ 1980ರ ದಶಕದ ಆರಂಭದಲ್ಲಿಯೇ ತೋರಿಸಿದ್ದರು.

ಇನ್ನು ಆ ಮನೆಯ ಕಥೆಗೆ ಬರೋಣ. ಅಣ್ಣನಿಗೆ ಡಯಾಲಿಸಿಸ್ ಆರಂಭವಾಯಿತು. ವಾರಕ್ಕೆ ಎರಡು ಸಲ ಬಸ್ಸಿನಲ್ಲಿ ಹೋಗಿಬರುವ ಯಾತನೆ. ಎರಡು ಎಕರೆ ಜಮೀನು ಮಾರಿದರು. 2008ರಲ್ಲಿ ಬೆಂಗಳೂರಿನಲ್ಲಿ ತಾಯಿಯ ಮೂತ್ರಪಿಂಡವೊಂದನ್ನು ಅವನಿಗೆ ಕಸಿ ಮಾಡಲಾಯಿತು. ವಂಶಕ್ಕೆ ಶಾಪ ತಂದವಳೆಂದು ಆಡಿಕೊಂಡಿದ್ದ ಜನರೇ ನಂತರ ಆಕೆಗೆ ಕೈಮುಗಿದರು. ಹನ್ನೊಂದು ವರ್ಷ ಆ ಮೂತ್ರಪಿಂಡದಿಂದ ಬಾಳಿ, 2019ರಲ್ಲಿ ಅವನು ತೀರಿಕೊಂಡ. ಅವನಿಗೆ ನಲವತ್ತೈದು ವರ್ಷ.

ತಂಗಿಯ ವಿಷಯ. 2006ರಲ್ಲಿ ಅಣ್ಣನನ್ನು ನೋಡಿದ ವೈದ್ಯರೊಬ್ಬರು, "ಮನೆಯಲ್ಲಿ ಬೇರೆ ಯಾರಿಗಾದರೂ ಇದೆಯೇ?" ಎಂದು ವಿಚಾರಿಸಿದರು. ತಂಗಿಯ ಹೆಸರು ಬಂದೊಡನೆ ಮರುದಿನವೇ ಕರೆತರಲು ಹೇಳಿದರು. ಅವಳಿಗೆ ಯಾವ ತೊಂದರೆಯೂ ಕಾಣುತ್ತಿರಲಿಲ್ಲ. ಆದರೂ ಮೂತ್ರ ಪರೀಕ್ಷೆಯಲ್ಲಿ ಆಲ್ಬುಮಿನ್ ಆಗಲೇ ಸೋರಲು ತೊಡಗಿತ್ತು. ರಕ್ತದೊತ್ತಡದ ಮಾತ್ರೆ ಆರಂಭವಾಯಿತು; ಸಕ್ಕರೆಯನ್ನು ಮನೆಯಲ್ಲಿಯೇ ಪರೀಕ್ಷಿಸುವುದನ್ನು ಕಲಿತಳು. ಇಂದು ಅವಳಿಗೆ ನಲವತ್ತನಾಲ್ಕು ದಾಟಿದೆ. ಅಂಗನವಾಡಿಯಲ್ಲಿ ಕೆಲಸ ಮಾಡುತ್ತಾಳೆ. ಮೂತ್ರಪಿಂಡಗಳು ಇಂದಿಗೂ ಕೆಲಸ ಮಾಡುತ್ತಿವೆ. ಒಬ್ಬಳ ಬಾಳಿನಿಂದ ವಿಜ್ಞಾನದ ನಿಯಮ ಮಾಡಲಾಗದೆಂದು ಬಲ್ಲೆ. ಆದರೂ ಅಣ್ಣನಿಗೆ ಸಿಗದ ಹತ್ತು ವರ್ಷಗಳ ಎಚ್ಚರ ತಂಗಿಗೆ ಸಿಕ್ಕಿತು. ಆ ಎಚ್ಚರವನ್ನು ಕೊಟ್ಟದ್ದು ಅಣ್ಣನ ಕಾಯಿಲೆಯೇ.

ಆದ್ದರಿಂದ ಓದುಗರಲ್ಲಿ ನನ್ನ ವಿನಂತಿ ಇಷ್ಟು. ಟೈಪ್ ಒನ್ ಮಧುಮೇಹವಿರುವವರು ಕಾಯಿಲೆ ಬಂದ ಐದು ವರ್ಷಗಳ ನಂತರ ಪ್ರತಿವರ್ಷ ಮೂತ್ರದ ಆಲ್ಬುಮಿನ್ ಪರೀಕ್ಷೆಯನ್ನೂ ರಕ್ತದ ಕ್ರಿಯಾಟಿನಿನ್ ಪರೀಕ್ಷೆಯನ್ನೂ ಮಾಡಿಸಬೇಕು, ರಕ್ತದೊತ್ತಡವನ್ನು ನೋಡಿಸುತ್ತಿರಬೇಕು. ಮನೆಯಲ್ಲಿ ಒಬ್ಬರ ಮೂತ್ರಪಿಂಡ ಕೆಟ್ಟಿದ್ದರೆ, ಮಧುಮೇಹವಿರುವ ಇನ್ನೊಬ್ಬರು ಅದನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು. ಮುಚ್ಚಿಡುವುದರಿಂದ ಮರ್ಯಾದೆ ಉಳಿಯಬಹುದು, ಮೂತ್ರಪಿಂಡ ಉಳಿಯದು. ಇನ್ನು ಶಿಕ್ಷಕ ಬಂಧುಗಳಲ್ಲಿ ಒಂದು ಮಾತು. ಸೊರಗುತ್ತಿರುವ ಮಗು ಪದೇಪದೇ ನೀರು ಕುಡಿದು, ಪದೇಪದೇ ಹೊರಗೆ ಹೋಗಲು ಕೇಳಿದರೆ ಗದರಿಸಬೇಡಿ, ಆಸ್ಪತ್ರೆಗೆ ಕಳುಹಿಸಿ.

ಕಳೆದ ಯುಗಾದಿಯ ಮರುದಿನ ಆ ತಾಯಿಯ ಮನೆಗೆ ಹೋಗಿದ್ದೆ. ಹತ್ತೊಂಬತ್ತು ವರ್ಷಗಳ ಹಿಂದಿನ ಪ್ರಶ್ನೆಗೆ ಉತ್ತರ ಹೇಳಿದೆ: "ಅಮ್ಮಾ, ಶಾಪವಲ್ಲ. ನಿಮ್ಮ ಮದುವೆಯ ತಪ್ಪೂ ಅಲ್ಲ." ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದನ್ನು ಅವತ್ತೇ ಯಾರಾದ್ರೂ ಹೇಳಿದ್ದಿದ್ರೆ ಮೇಷ್ಟ್ರೇ" ಎಂದರು. ಬೆಂಚಿನ ಮೇಲೆ ನಿಲ್ಲಿಸಿದ ಸಂಗತಿಯನ್ನೂ ಅಂದೇ ಅವರಿಗೆ ಹೇಳಿಕೊಂಡೆ. "ಅವನು ಮನೇಲಿ ಹೇಳಿದ್ದ. ನಿಮ್ಮ ಮೇಲೆ ಅವನಿಗೆ ಸಿಟ್ಟಿರಲಿಲ್ಲ" ಎಂದು, ಒಳಗೆ ಹೋಗಿ ಕಾಫಿ ತಂದರು. ತಂಗಿಯ ಮನೆಯಲ್ಲಿ ಈಗ ಫ್ರಿಜ್ ಇದೆ. ಆ ಮಣ್ಣಿನ ಮಡಕೆಯನ್ನು ಮಾತ್ರ ಆ ತಾಯಿ ಇನ್ನೂ ಅಟ್ಟದ ಮೇಲೆ ಇಟ್ಟುಕೊಂಡಿದ್ದಾರೆ.